ಗಾರೆಯಿಲ್ಲದ ಗೋಡೆಗಳ ಊರು

ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಕಡಿದಾದ ಬಂಡೆಗಳಿಗೆ ಅಂಟಿಕೊಂಡ ಐದು ಊರುಗಳಿವೆ: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯ, ಮನರೋಲಾ, ರಿಯೊಮಜ್ಜೋರೆ. ಎಲ್ಲ ಸೇರಿ ಚಿಂಕ್ವೆ ತೆರ್ರೆ. ಬಣ್ಣಬಣ್ಣದ ಮನೆಗಳು, ಕೆಳಗೆ ನೀಲಿ ಸಮುದ್ರ. ಇನ್‌ಸ್ಟಾಗ್ರಾಂನಲ್ಲಿ ನೀವೂ ನೋಡಿರ್ತೀರಿ. 1997ರಲ್ಲಿ ಯುನೆಸ್ಕೊ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ನಿಸರ್ಗ ಸೌಂದರ್ಯಕ್ಕಲ್ಲ ಅನ್ನೋದೇ ಸ್ವಾರಸ್ಯ. ಮನುಷ್ಯರು ಕೈಯಾರೆ ಕಟ್ಟಿದ ಭೂದೃಶ್ಯ ಅಂತ.

ಕಟ್ಟಿದ್ದು ಅಂದರೆ ಅಕ್ಷರಶಃ ಕಟ್ಟಿದ್ದು. ಸುಮಾರು ಸಾವಿರ ವರ್ಷದಿಂದ ಇಲ್ಲಿನ ರೈತರು ಗುಡ್ಡ ಕಡಿದು ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿದ್ದಾರೆ. ದ್ರಾಕ್ಷಿ, ಆಲಿವ್, ನಿಂಬೆ ಬೆಳೀತಾರೆ. ಪ್ರತಿ ಮೆಟ್ಟಿಲಿಗೂ ಒಂದು ಕಲ್ಲಿನ ಗೋಡೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಕಲ್ಲಿನ ಮೇಲೆ ಕಲ್ಲು, ಸಂದಿಗೆ ಚಿಕ್ಕ ಚಕ್ಕೆ. ಇದು ಬಡತನದ ಲಕ್ಷಣವಲ್ಲ, ಲೆಕ್ಕಾಚಾರ. ಮಳೆನೀರು ಸಂದಿಗಳಿಂದ ಇಳಿದುಹೋಗಬೇಕು. ಹಿಂದೆ ನೀರು ನಿಂತರೆ ಎಂಥ ಗೋಡೆಯನ್ನಾದರೂ ಅದು ತಳ್ಳಿಬಿಡುತ್ತೆ. ಇದಕ್ಕೆ ಬೆಲೆ ಅಂದ್ರೆ ಪ್ರತಿ ವರ್ಷದ ರಿಪೇರಿ. ಜಾರಿದ ಕಲ್ಲನ್ನು ಆಗಿಂದಾಗ್ಗೆ ಎತ್ತಿ ಕೂರಿಸಬೇಕು.

1874ರಲ್ಲಿ ರೈಲು ಬಂತು. ಅದಕ್ಕೂ ಮುಂಚೆ ಇವರಿಗೆ ಇದ್ದದ್ದು ದೋಣಿ, ಇಲ್ಲವೇ ಗುಡ್ಡದ ಕಾಲುದಾರಿ. ಪಕ್ಕದ ಲಾ ಸ್ಪೆಜಿಯಾದಲ್ಲಿ ನೌಕಾಪಡೆಯ ದೊಡ್ಡ ಕಾರ್ಖಾನೆ ಆಗಲೇ ಶುರುವಾಗಿತ್ತು. ಹುಡುಗರು ರೈಲು ಹತ್ತಿ ಕೆಲಸಕ್ಕೆ ಹೋದರು. ತಿಂಗಳ ಸಂಬಳದ ಸೆಳೆತ ಏನು ಅಂತ ನಮ್ಮಂಥವರಿಗೆ ಯಾರಾದರೂ ಹೇಳಿಕೊಡಬೇಕಾ? ನಾನು ಬಿಇ ಮುಗಿಸಿ ಬೆಂಗಳೂರು ಬಸ್ ಹತ್ತಿದ್ದೂ ಅದಕ್ಕೇ. ನಮ್ಮ ಹೊಲದ ಬದುವನ್ನು ಮುಂಗಾರಿಗೆ ಮುಂಚೆ ಈಗ ಅಪ್ಪ ಒಬ್ಬರೇ ಸರಿ ಮಾಡ್ತಾರೆ.

ಕೊರ್ನೀಲ್ಯದಿಂದ ವೊಲಾಸ್ತ್ರಾ ಮೇಲಿನ ದಾರಿ ಹಿಡಿದು ಮನರೋಲಾಕ್ಕೆ ನಡೆದರೆ ಈ ಕಥೆಯೆಲ್ಲ ಕಣ್ಣೆದುರೇ ಕಾಣುತ್ತೆ. ಹೋದ ವರ್ಷ ಆಫೀಸ್ ಕೆಲಸಕ್ಕೆ ಮಿಲಾನ್‌ಗೆ ಹೋದಾಗ ಎರಡು ದಿನ ರಜೆ ಹಾಕಿ ನಡೆದೆ. ದ್ರಾಕ್ಷಿ ಇರುವ ಕಡೆ ಗೋಡೆ ನೆಟ್ಟಗಿದೆ. ಸುಗ್ಗಿಯಲ್ಲಿ ಹಣ್ಣು ಇಳಿಸೋಕೆ ಒಂಟಿ ಹಳಿಯ ಪುಟ್ಟ ಗಾಡಿಯೂ ಇದೆ. ಪಕ್ಕದಲ್ಲೇ ಕೈಬಿಟ್ಟ ಹೊಲ: ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ, ಮುಳ್ಳುಪೊದೆ, ಉರುಳಿದ ಕಲ್ಲು. ಒಂದು ಗೋಡೆ ಕುಸಿದರೆ ಅದರ ಭಾರ ಕೆಳಗಿನದ್ದರ ಮೇಲೆ.

2011ರ ಅಕ್ಟೋಬರ್ 25ರಂದು ಭಾರೀ ಮಳೆ ಸುರಿದು ವೆರ್ನಾತ್ಸಾ, ಮೊಂತೆರೊಸ್ಸೊಗಳ ಬೀದಿಗಳು ಕೆಸರು, ಕಲ್ಲುಗಳಲ್ಲಿ ಹೂತುಹೋದವು. ಜನ ಸತ್ತರು. ಮಳೆ ಅಸಾಮಾನ್ಯವಾಗಿತ್ತು, ನಿಜ. ಆದರೆ ಗುಡ್ಡ ಹಿಡಿದುಕೊಳ್ಳೋ ಕೈಗಳೂ ಕಡಿಮೆಯಾಗಿದ್ದವು.

ರಿಯೊಮಜ್ಜೋರೆ ಮತ್ತು ಮನರೋಲಾ ನಡುವಿನ 'ಪ್ರೇಮದ ದಾರಿ' ಹುಟ್ಟಿದ್ದು ರೈಲು ಸುರಂಗದ ಕೆಲಸದ ಕಾಲದಲ್ಲಿ. 2012ರಲ್ಲಿ ಅಲ್ಲಿ ಬಂಡೆ ಉರುಳಿ ಪ್ರವಾಸಿಗರು ಗಾಯಗೊಂಡರು, ದಾರಿ ಮುಚ್ಚಿತು. ಒಂದು ಕಿಲೋಮೀಟರ್ ಕೂಡ ಇಲ್ಲದ ಆ ದಾರಿ ಮತ್ತೆ ತೆರೆದದ್ದು 2024ರಲ್ಲಿ. ಈಗ ಅಲ್ಲಿ ಟಿಕೆಟ್ ತಗೊಂಡು ನಡೀಬೇಕು. ಮೇಲಿನ ಹೊಲಗಳಿಗೆ ಹೋಗೋಕೆ ಟಿಕೆಟ್ ಇಲ್ಲ, ಆಳೂ ಸಿಗೋದಿಲ್ಲ.