ಹಿಲ್ ಹೌಸ್‌ನ ಹೊರಗೋಡೆ

ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ, ಕ್ಲೈಡ್ ನದಿ ಕಡಲು ಸೇರುವ ಅಳಿವೆಗೆ ಮುಖಮಾಡಿದ ಹೆಲೆನ್ಸ್‌ಬರೊ ಪಟ್ಟಣದ ಏರಿನ ಮೇಲೆ 1902ರಿಂದ 1904ರ ನಡುವೆ ನಿರ್ಮಾಣವಾದ ಹಿಲ್ ಹೌಸ್, ವಾಸ್ತುಶಿಲ್ಪಿ ಚಾರ್ಲ್ಸ್ ರೆನ್ನಿ ಮ್ಯಾಕಿಂಟಾಷ್ ರಚಿಸಿದ ಮನೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಯಂತ್ರೋತ್ಪಾದನೆಯ ಏಕತಾನಕ್ಕೆ ಪ್ರತಿಯಾಗಿ ಕುಶಲಕರ್ಮಿಯ ಕೈಗೆಲಸಕ್ಕೂ ಸ್ಥಳೀಯ ಕಟ್ಟಡ ಪರಂಪರೆಗೂ ಮನ್ನಣೆ ಕೊಡಬೇಕೆಂದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನಲ್ಲಿ ಬೆಳೆದ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿಯ ಆಶಯಗಳನ್ನು ಈ ಮನೆ ಬಹುಮಟ್ಟಿಗೆ ಒಳಗೊಂಡಿದ್ದರೂ, ಅದರ ಹೊರಗೋಡೆಯ ಲೇಪನದಲ್ಲಿ ಮಾತ್ರ ಮ್ಯಾಕಿಂಟಾಷ್ ಪರಂಪರೆಯನ್ನು ಬಿಟ್ಟು ಹೊಸ ವಸ್ತುವೊಂದನ್ನು ನಂಬಿದರು. ಮುಂದಿನ ನೂರು ವರ್ಷಗಳ ದುರಸ್ತಿಯ ಕಥೆಯೆಲ್ಲ ಆ ನಂಬಿಕೆಯಿಂದಲೇ ಹುಟ್ಟಿದೆ.

ಮನೆಯನ್ನು ಕಟ್ಟಿಸಿದ ವಾಲ್ಟರ್ ಬ್ಲ್ಯಾಕಿ, ಗ್ಲಾಸ್ಗೊದ ಬ್ಲ್ಯಾಕಿ ಅಂಡ್ ಸನ್ ಪ್ರಕಾಶನ ಸಂಸ್ಥೆಯ ಮುಖ್ಯಸ್ಥರಲ್ಲೊಬ್ಬರು. ಬೊಂಬಾಯಿಯಲ್ಲಿ ಶಾಖೆ ಹೊಂದಿದ್ದ ಈ ಸಂಸ್ಥೆಯ ಪುಸ್ತಕಗಳು ಭಾರತದ ಓದುಗರಿಗೂ ಪರಿಚಿತವಾಗಿದ್ದವು. ಇಟ್ಟಿಗೆ ಗೋಡೆ, ಮರದ ತೊಲೆ ಹಾಗೂ ಕೆಂಪು ಹೆಂಚಿನ ಮನೆ ತಮಗೆ ಬೇಡ, ಬೂದುಬಣ್ಣದ ಒರಟು ಗಾರೆಯ ಗೋಡೆ ಮತ್ತು ಸ್ಲೇಟು ಕಲ್ಲಿನ ಮಾಡು ಬೇಕು ಎಂದು ಅವರು ಆರಂಭದಲ್ಲೇ ಸ್ಪಷ್ಟಪಡಿಸಿದ್ದರು. ಮ್ಯಾಕಿಂಟಾಷ್ ಮೊದಲು ಒಳಕೋಣೆಗಳ ವಿನ್ಯಾಸವನ್ನು ಮುಂದಿಟ್ಟು, ಅದಕ್ಕೆ ಒಪ್ಪಿಗೆ ದೊರೆತ ಮೇಲಷ್ಟೇ ಹೊರನೋಟದ ನಕ್ಷೆಗಳನ್ನು ತೋರಿಸಿದರು. ಒಳಗಿನ ಬದುಕು ಎಲ್ಲಿ ಏನನ್ನು ಬೇಡಿತೋ ಅಲ್ಲಿ ಕಿಟಕಿ, ಗೋಪುರ, ಚಿಮಣಿಗಳು ಮೂಡಿ, ಅಲಂಕಾರಗಳಿಲ್ಲದ ಒಂದೇ ಹೊದಿಕೆ ಅವೆಲ್ಲವನ್ನೂ ಸುತ್ತುವರಿದಿರುವುದೇ ಈ ಮನೆಯ ಸೌಂದರ್ಯ.

ಸ್ಕಾಟ್ಲೆಂಡಿನ ಹಳೆಯ ಕೋಟೆಮನೆಗಳಿಗೂ ಇಂಥದೇ ಹೊದಿಕೆಯಿತ್ತು. ಸುಣ್ಣದ ಗಾರೆಗೆ ಸಣ್ಣ ಹರಳುಕಲ್ಲುಗಳನ್ನು ಬೆರೆಸಿ ಕಲ್ಲುಗೋಡೆಯ ಮೇಲೆ ರಭಸದಿಂದ ಎರಚಿ ಮಾಡುವ ಆ ಲೇಪನವನ್ನು ಅಲ್ಲಿ ಹಾರ್ಲಿಂಗ್ ಎನ್ನುತ್ತಾರೆ. ಸುಣ್ಣ ಮೃದುವಾದ, ಸೂಕ್ಷ್ಮರಂಧ್ರಗಳುಳ್ಳ ವಸ್ತುವಾದ್ದರಿಂದ ಮಳೆಯಲ್ಲಿ ಹೀರಿದ ನೀರನ್ನು ಬಿಸಿಲು ಗಾಳಿ ಬಂದಾಗ ಹೊರಕ್ಕೆ ಬಿಡುತ್ತದೆ, ಗೋಡೆ ಕೊಂಚ ಅಲುಗಿದರೂ ತಾನೂ ಕೊಂಚ ಹೊಂದಿಕೊಳ್ಳುತ್ತದೆ. ಮ್ಯಾಕಿಂಟಾಷ್ ಇದರ ಬದಲು, 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟನ್ನು ಆಧರಿಸಿದ ಗಟ್ಟಿ ಲೇಪನವನ್ನು ಆರಿಸಿಕೊಂಡರು. ಗೋಡೆಯ ಅಂಚುಗಳ ಹರಿತವಾದ ರೇಖೆಗೆ ಭಂಗ ಬಾರದಂತೆ, ಕೆಲವು ಗೋಡೆಗಳ ನೆತ್ತಿಯ ಮೇಲೂ ಇದೇ ಲೇಪನವನ್ನು ಹೊದಿಸಿ, ನೀರನ್ನು ಗೋಡೆಯಿಂದಾಚೆಗೆ ಬೀಳಿಸುವ ಹೊದಿಕೆಕಲ್ಲುಗಳನ್ನು ಕೈಬಿಟ್ಟರು. ಸಿಮೆಂಟು ಗಡುಸಾದುದು, ಕಲ್ಲಿನೊಡನೆ ಅಲುಗಲಾರದೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಒಳನುಗ್ಗಿದ ನೀರಿಗೆ ಹಿಂತಿರುಗುವ ದಾರಿಯಿರುವುದಿಲ್ಲ. ಕಡಲಗಾಳಿಯೊಡನೆ ಅಡ್ಡಡ್ಡ ಬೀಸುವ ಮಳೆಯ ಆ ಊರಿನಲ್ಲಿ, ತೇಪೆ ಹಾಕಿದಷ್ಟೂ ತೇವ ಒಳಗೇ ಸೆರೆಯಾಗುತ್ತ ಹೋಯಿತು. ಮ್ಯಾಕಿಂಟಾಷ್ ಮತ್ತು ಅವರ ಪತ್ನಿ, ಕಲಾವಿದೆ ಮಾರ್ಗರೆಟ್ ಮ್ಯಾಕ್‌ಡೊನಾಲ್ಡ್ ಕೂಡಿ ರೂಪಿಸಿದ ಒಳಗೋಡೆಗಳ ಗುಲಾಬಿ ಚಿತ್ತಾರಗಳಿಗೂ ಇದರಿಂದ ಅಪಾಯ ಒದಗಿತು.

1982ರಲ್ಲಿ ಮನೆ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಯ ಸ್ವಾಧೀನಕ್ಕೆ ಬಂದಿತು. ಸಂರಕ್ಷಕರ ಮುಂದಿದ್ದ ಸಮಸ್ಯೆ ಕೇವಲ ತಾಂತ್ರಿಕವಾದುದಲ್ಲ. ಮೂಲದಂತೆಯೇ ಸಿಮೆಂಟು ಬಳಿದರೆ ರೋಗವನ್ನೇ ಪುನಃ ಪ್ರತಿಷ್ಠಾಪಿಸಿದಂತೆ. ಸುಣ್ಣಕ್ಕೆ ಮರಳಿ ಗೋಡೆನೆತ್ತಿಗಳಿಗೆ ಹೊದಿಕೆಕಲ್ಲು ಇಟ್ಟರೆ ಗೋಡೆ ಉಳಿದರೂ ಮ್ಯಾಕಿಂಟಾಷ್ ಬಯಸಿದ ರೇಖೆ ಅಳಿಸಿಹೋಗುತ್ತದೆ. ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿಯ ಮೂಲಪುರುಷರಲ್ಲೊಬ್ಬರಾದ ವಿಲಿಯಂ ಮಾರಿಸ್, ವಾಸ್ತುಶಿಲ್ಪಿ ಫಿಲಿಪ್ ವೆಬ್ ಮೊದಲಾದವರೊಡನೆ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು ಸಂಘವನ್ನು ಸ್ಥಾಪಿಸಿದಾಗ, ಹಳೆಯದನ್ನು ಕೆರೆದು ಕಾಲ್ಪನಿಕ ಮೂಲರೂಪಕ್ಕೆ ತರುವ ಜೀರ್ಣೋದ್ಧಾರವನ್ನು ಕಟುವಾಗಿ ವಿರೋಧಿಸಿ, ದಿನನಿತ್ಯದ ಆರೈಕೆ ಮತ್ತು ಕಣ್ಣಿಗೆ ಕಾಣುವ ಪ್ರಾಮಾಣಿಕ ದುರಸ್ತಿಯನ್ನು ಎತ್ತಿಹಿಡಿದಿದ್ದರು. ಹಿಲ್ ಹೌಸ್‌ನಲ್ಲಿ ಕೊನೆಗೆ ಕೈಗೊಂಡ ಕ್ರಮ ಈ ಚಿಂತನೆಗೆ ಬಹಳ ಹತ್ತಿರವಾದುದು.

2019ರಲ್ಲಿ ಕಾರ್ಮಡಿ ಗ್ರೋರ್ಕ್ ವಾಸ್ತುಶಿಲ್ಪ ಸಂಸ್ಥೆಯ ವಿನ್ಯಾಸದಂತೆ ಇಡೀ ಮನೆಯ ಸುತ್ತ ಒಂದು ಬೃಹತ್ ಉಕ್ಕಿನ ಚೌಕಟ್ಟು ಎದ್ದಿತು. ಅದಕ್ಕೆ ಮಳೆಯನ್ನು ತಡೆಯುವ ಚಾವಣಿಯಿದೆ. ನಾಲ್ಕು ಬದಿಗಳಲ್ಲಿ ಯೋಧರ ಬಳೆಗವಚದಂತೆ ಹೆಣೆದ ತುಕ್ಕುರಹಿತ ಉಕ್ಕಿನ ಜಾಲರಿಯಿದ್ದು, ಅದರ ಉಂಗುರಗಳ ಸಂಖ್ಯೆ 3 ಕೋಟಿಗೂ ಮಿಗಿಲು. ಪೂರ್ತಿ ಮುಚ್ಚಿದ ಗಾಜಿನ ಗೋಡೆ ಹಾಕಿದ್ದರೆ ಒಳಗಿನ ತೇವ ಅಲ್ಲೇ ಮಡುಗಟ್ಟುತ್ತಿತ್ತು. ಜಾಲರಿಯಾದರೋ ಮಳೆಯ ಬಹುಪಾಲನ್ನು ಹೊರಗಿರಿಸಿ ಗಾಳಿಯನ್ನು ಆಡಗೊಡುತ್ತದೆ. ಮನೆಯ ಸುತ್ತಲೂ ಮಾಡಿನ ಮೇಲೂ ಹಾದುಹೋಗುವ ಕಾಲುದಾರಿಗಳಿಂದ ಸಂದರ್ಶಕರು ಚಿಮಣಿಗಳನ್ನೂ ಬಿರುಕುಗಳನ್ನೂ ಹತ್ತಿರದಿಂದ ಕಾಣಬಹುದು; ವಸ್ತುಸಂಗ್ರಹಾಲಯವೊಂದು ತನ್ನ ಗಾಯವನ್ನು ಮರೆಮಾಡದೆ ಪ್ರದರ್ಶನದ ಭಾಗವಾಗಿಸಿಕೊಂಡಿರುವುದು ಅಪರೂಪದ, ಮೆಚ್ಚತಕ್ಕ ಸಂಗತಿ.

ಮನೆಯನ್ನು ಸುತ್ತುವರಿದ ಈ ಉಕ್ಕಿನ ಪೆಟ್ಟಿಗೆ ತಾತ್ಕಾಲಿಕವಾದುದು. ಒಂದು ಶತಮಾನ ನೀರು ಕುಡಿದ ಕಲ್ಲು ಒಣಗಲು ವರ್ಷಗಳೇ ಬೇಕು, ಬಲವಂತದ ಶಾಖದಿಂದ ಅದನ್ನು ತ್ವರೆಗೊಳಿಸಿದರೆ ಹೊಸ ಬಿರುಕುಗಳ ಭಯವಿದೆ. ಗೋಡೆಯೊಳಗಿನ ತೇವಾಂಶ ಸಾಕಷ್ಟು ಇಳಿದ ಮೇಲಷ್ಟೇ ಶಾಶ್ವತ ಲೇಪನದ ಆಯ್ಕೆ ಅರ್ಥಪೂರ್ಣವಾಗುತ್ತದೆ. ಆಗ ಮ್ಯಾಕಿಂಟಾಷ್ ಬಳಸಿದ ವಸ್ತುವಿಗಿಂತ ಅವರು ಕಂಡ ಆಕಾರಕ್ಕೆ ನಿಷ್ಠೆ ತೋರಿ, ಉಸಿರಾಡುವ ಲೇಪನದಲ್ಲಿ ಆ ಹರಿತ ಅಂಚುಗಳನ್ನು ಮೂಡಿಸುವ ಗಾರೆ ಕೆಲಸಗಾರರ ಕೈಗೆ ಗೋಡೆಯನ್ನು ಒಪ್ಪಿಸುವುದೇ ಹೆಚ್ಚು ಯುಕ್ತವೆನಿಸುತ್ತದೆ.