ಬ್ರೈಟನ್ನಿನ ಕಡಲೂ ನಮ್ಮವರೂ

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲು ಹತ್ತಿದರೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ನೀವು ಬ್ರೈಟನ್ನಿನಲ್ಲಿ ಇಳಿಯುತ್ತೀರಿ. ನಿಲ್ದಾಣದಿಂದ ಹೊರಟ ಬೀದಿ ಇಳಿಜಾರಾಗಿ ನೇರವಾಗಿ ಕಡಲಿಗೆ ಹೋಗಿ ಮುಟ್ಟುತ್ತದೆ. ಯಾರನ್ನೂ ದಾರಿ ಕೇಳಬೇಕಾಗಿಲ್ಲ.

ಮಲ್ಪೆಯ ಅಥವಾ ಕಾರವಾರದ ಮರಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಮೊದಲು ತುಸು ನಿರಾಸೆಯಾದೀತು. ಇಲ್ಲಿಯ ದಂಡೆಯೆಲ್ಲ ನುಣುಪಾದ ಕಲ್ಲು. ಕೋಳಿಮೊಟ್ಟೆಯ ಗಾತ್ರದ್ದು, ಹುಣಿಸೆಬೀಜದ ಗಾತ್ರದ್ದು. ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮುಖ ಹುಳ್ಳಗಾಗುತ್ತದೆ. ಆದರೆ ಅಲೆ ಹಿಂದಕ್ಕೆ ಸರಿಯುವಾಗ ಕಿವಿಗೊಟ್ಟು ಕೇಳಿ: ಕಲ್ಲುಗಳು ಒಂದರ ಮೇಲೊಂದು ಉರುಳಿ, ದೊಡ್ಡದೊಂದು ಮೊರದಲ್ಲಿ ಯಾರೋ ಕಾಳು ಕೇರುತ್ತಿರುವಂತೆ ಸದ್ದಾಗುತ್ತದೆ. ಅದೊಂದಕ್ಕಾಗಿಯಾದರೂ ಹೋಗಬಹುದು.

ಈ ಕಲ್ಲಿನ ದಂಡೆಗೆ, ತಣ್ಣನೆಯ ನೀರಿಗೆ, ಜನ ಮುಗಿಬೀಳತೊಡಗಿದ್ದು ಹೇಗೆ? ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇದು ಬ್ರೈಟ್‌ಹೆಲ್ಮ್‌ಸ್ಟನ್ ಎಂಬ ಬಡ ಬೆಸ್ತರ ಊರು. 1703ರಲ್ಲೂ 1705ರಲ್ಲೂ ಬೀಸಿದ ಬಿರುಗಾಳಿಗಳು ದಂಡೆಯ ಮನೆಗಳನ್ನು ಹಾಳುಗೆಡವಿದ್ದುವು. ಹತ್ತಿರದ ಲೂಯಿಸ್ ಎಂಬ ಊರಿನ ವೈದ್ಯ ರಿಚರ್ಡ್ ರಸ್ಸೆಲ್ 1750ರಲ್ಲಿ ಲ್ಯಾಟಿನ್ ಭಾಷೆಯಲ್ಲೊಂದು ಪ್ರಬಂಧ ಬರೆದ. ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರೇ ಮದ್ದು, ಅದರಲ್ಲಿ ಮುಳುಗಬೇಕು, ಅದನ್ನೇ ಕುಡಿಯಲೂ ಬೇಕು ಎಂದು ಅವನ ವಾದ. ನಮ್ಮ ಹಿರಿಯರು ಗ್ರಹಣಕ್ಕೂ ಅಮಾವಾಸ್ಯೆಗೂ ಸಮುದ್ರಸ್ನಾನ ಮಾಡಿದ್ದು ಪುಣ್ಯಕ್ಕಾಗಿ. ಇಂಗ್ಲಿಷರು ನೀರಿಗಿಳಿದದ್ದು ವೈದ್ಯನ ಚೀಟಿ ಹಿಡಿದು. ಕುಡಿದವರ ಗತಿ ಏನಾಯಿತೋ, ಊರಿಗಂತೂ ಭಾಗ್ಯ ತೆರೆಯಿತು. ಗಾಲಿಯ ಮೇಲಿನ ಮರದ ಗೂಡುಗಳು ಬಂದುವು. ಹೆಂಗಸರು ಅದರೊಳಗೆ ಬಟ್ಟೆ ಬದಲಿಸಿದ ಮೇಲೆ ಗೂಡನ್ನು ನೀರಿಗೆ ಎಳೆಯುತ್ತಿದ್ದರು. ಅಲ್ಲಿ ಗಟ್ಟಿಮುಟ್ಟಾದ ಬೆಸ್ತರ ಹೆಂಗಸೊಬ್ಬಳು ನಿಂತಿದ್ದು, ನಾಚುವ ಶ್ರೀಮಂತೆಯನ್ನು ಹಿಡಿದು ಅಲೆಯೊಳಗೆ ಅದ್ದಿ ತೆಗೆಯುತ್ತಿದ್ದಳು. ಈ ಕಸುಬಿನಲ್ಲಿ ಹೆಸರಾದವಳು ಮಾರ್ಥಾ ಗನ್. ಅವಳು 1815ರಲ್ಲಿ ತೀರಿಕೊಂಡಳು. ಸೇಂಟ್ ನಿಕೊಲಸ್ ಇಗರ್ಜಿಯ ಅಂಗಳದಲ್ಲಿ ಅವಳ ಸಮಾಧಿಯಿದೆ. ಆ ಅಂಗಳವನ್ನು ನೆನಪಿಟ್ಟುಕೊಳ್ಳಿ. ಅಲ್ಲಿಗೆ ಇನ್ನೊಬ್ಬನಿಗಾಗಿ ಮತ್ತೆ ಹೋಗಬೇಕಾಗಿದೆ.

1783ರಲ್ಲಿ ಯುವರಾಜ ಜಾರ್ಜ್ ಇಲ್ಲಿಗೆ ಮೊದಲು ಬಂದ. ಅವನಿಗೆ ಊರು ಹಿಡಿಸಿತು, ಲಂಡನ್ನಿನಲ್ಲಿದ್ದ ತಂದೆಯ ಕಣ್ಣು ತಪ್ಪಿಸುವುದೂ ಹಿಡಿಸಿತು. ಮೊದಲು ಸಾಧಾರಣ ಭವನವೊಂದು ಆಯಿತು. ಅನಂತರ, 1803ರಿಂದ 1808ರ ವರೆಗೆ, ಕುದುರೆಗಳಿಗಾಗಿ ಗಾಜಿನ ಗುಮ್ಮಟದ ಭಾರಿ ಲಾಯವೊಂದನ್ನು ಹಿಂದೂಸ್ಥಾನೀ ಶೈಲಿಯಲ್ಲಿ ಕಟ್ಟಿಸಿದ. ಹೀಗೆ ಗುಮ್ಮಟದ ವೈಭವ ಮೊದಲು ಬಂದದ್ದು ಕುದುರೆಗಳಿಗೆ. ಧಣಿಯ ಸರದಿ ಆಮೇಲೆ. 1815ರಿಂದ ವಾಸ್ತುಶಿಲ್ಪಿ ಜಾನ್ ನ್ಯಾಶ್ ಹಳೆಯ ಭವನವನ್ನು ಗುಮ್ಮಟ, ಮಿನಾರು, ಜಾಲಂದ್ರಗಳಿಂದ ಮುಚ್ಚಿ ಇಂದಿನ ರಾಯಲ್ ಪೆವಿಲಿಯನ್ನನ್ನು ಮಾಡಿದ. ನ್ಯಾಶ್ ಹಿಂದೂಸ್ಥಾನವನ್ನು ಕಂಡವನಲ್ಲ. ಡೇನಿಯಲ್ ಮನೆತನದ ಇಬ್ಬರು ಚಿತ್ರಕಾರರು ನಮ್ಮ ದೇಶವನ್ನು ಸುತ್ತಿ ಅಚ್ಚುಹಾಕಿಸಿದ ಚಿತ್ರಪಟಗಳು ಅವನ ಕೈಯಲ್ಲಿದ್ದುವು. ಒಳಗೆ ಕಾಲಿಟ್ಟರೆ ಹಿಂದೂಸ್ಥಾನವೂ ಮುಗಿದು ಚೀನಾ ಶುರುವಾಗುತ್ತದೆ: ಬಿದಿರಿನಂತೆ ಬಣ್ಣ ಬಳಿದ ಕಬ್ಬಿಣ, ಗೋಡೆಯ ತುಂಬ ಘಟಸರ್ಪಗಳು, ಭೋಜನಶಾಲೆಯಲ್ಲಿ ಒಂದು ಟನ್ ತೂಕದ ದೀಪಗುಚ್ಛ. ಇದು ಸುಂದರವೋ ವಿಕಾರವೋ ಎಂದು ಇನ್ನೂರು ವರ್ಷಗಳಿಂದ ಚರ್ಚೆ ನಡೆದಿದೆ. ನನಗನ್ನಿಸುವುದು, ಜಾತ್ರೆಯ ರಥವನ್ನು ನೋಡುವ ಕಣ್ಣಿನಿಂದ ನೋಡಿದರೆ ಸಂತೋಷಪಡಬಹುದು. ತಾಜಮಹಲನ್ನು ನೋಡುವ ಕಣ್ಣಿನಿಂದ ಕೂಡದು.

ಅಡುಗೆಮನೆಯನ್ನು ಮಾತ್ರ ತಪ್ಪಿಸಬೇಡಿ. ಎತ್ತರವಾದ ಎರಕದ ಕಂಬಗಳ ನೆತ್ತಿಯಲ್ಲಿ ತಾಮ್ರದ ತಾಳೆಗರಿಗಳು. ಫ್ರೆಂಚ್ ಪಾಕಶಾಸ್ತ್ರಜ್ಞ ಕಾರೆಮ್ ಕೆಲಕಾಲ ಇಲ್ಲಿ ದುಡಿದ. 1817ರ ಜನವರಿಯಲ್ಲಿ ರಷ್ಯದ ಅತಿಥಿಯೊಬ್ಬನ ಗೌರವಾರ್ಥ ಅವನು ಸಿದ್ಧಪಡಿಸಿದ ಔತಣದಲ್ಲಿ ನೂರಕ್ಕೆ ಮೀರಿದ ಭಕ್ಷ್ಯಗಳಿದ್ದುವು. ಈ ಅಡುಗೆಮನೆಗೆ ಮುಂದೆ ಬೇರೊಂದು ಕೆಲಸ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ನಕಲಿ ಹಿಂದೂಸ್ಥಾನ ಹೀಗೆ ಮೇಲೇಳುತ್ತಿದ್ದಾಗಲೇ ನಿಜವಾದ ಹಿಂದೂಸ್ಥಾನಿಯೊಬ್ಬ ಅದೇ ಊರಿಗೆ ಬಂದಿಳಿದಿದ್ದ. ಅವನ ಹೆಸರು ದೀನ್ ಮಹಮದ್. ಹುಟ್ಟಿದ್ದು 1759ರಲ್ಲಿ, ಪಾಟ್ನಾದಲ್ಲಿ. ಡಾಕ್ಟರ್ ರಸ್ಸೆಲ್ ಸತ್ತದ್ದೂ ಅದೇ ವರ್ಷ. ಹುಡುಗನಾಗಿದ್ದಾಗಲೇ ಕಂಪನಿಯ ಬಂಗಾಳದ ಸೈನ್ಯವನ್ನು ಸೇರಿ, ಐರಿಷ್ ಅಧಿಕಾರಿಯೊಬ್ಬನ ಜೊತೆಗೆ 1784ರಲ್ಲಿ ಐರ್ಲೆಂಡಿಗೆ ಹೋದ, ಅಲ್ಲಿಯ ಹುಡುಗಿಯನ್ನೇ ಮದುವೆಯಾದ. 1794ರಲ್ಲಿ ತನ್ನ ಪ್ರವಾಸಗಳ ಕಥನವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ಥಾನೀ ಕಾಫಿ ಹೌಸ್ ತೆರೆದು, ಮಸಾಲೆಯ ಊಟವನ್ನೂ ಹುಕ್ಕಾವನ್ನೂ ಒದಗಿಸಿದ. ಕಾಲ ಕೂಡಿಬರಲಿಲ್ಲ; ಎರಡೇ ವರ್ಷದಲ್ಲಿ ದಿವಾಳಿಯಾದ. ಐವತ್ತು ದಾಟಿದ ವಯಸ್ಸು, ಕೈಯಲ್ಲಿ ಕಾಸಿಲ್ಲ. 1814ರಲ್ಲಿ ಸಂಸಾರ ಕಟ್ಟಿಕೊಂಡು ಬ್ರೈಟನ್ನಿಗೆ ಬಂದು ಸ್ನಾನಗೃಹದ ವೃತ್ತಿ ಹಿಡಿದ.

ಅವನ ಸ್ನಾನದ ಕ್ರಮ ಹೀಗೆ. ಗಿಡಮೂಲಿಕೆ ಹಾಕಿದ ನೀರಿನ ಹಬೆಯಲ್ಲಿ ರೋಗಿಯನ್ನು ಚೆನ್ನಾಗಿ ಬೆವರಿಸುವುದು. ಬಳಿಕ ಫ್ಲಾನೆಲ್ ಬಟ್ಟೆಯ ಪುಟ್ಟ ಡೇರೆಯೊಳಗೆ ಕೂರಿಸಿ, ಅದಕ್ಕೆ ಹೊಲಿದ ತೋಳುಗಳಲ್ಲಿ ಹೊರಗಿನಿಂದ ಕೈ ತೂರಿಸಿ ಮೈಯನ್ನು ಒತ್ತುವುದು. ಒತ್ತು ಎಂಬರ್ಥದ ಹಿಂದಿಯ ಚಾಂಪೋ ಎಂಬ ಮಾತೇ ಇಂಗ್ಲಿಷಿನಲ್ಲಿ ಶಾಂಪೂ ಆದದ್ದು. ಆಗ ಅದಕ್ಕೂ ಕೂದಲಿಗೂ ಸಂಬಂಧವಿರಲಿಲ್ಲ. ನಮ್ಮಿಂದ ಹೋದ ಮಾತು ಅಲ್ಲಿ ಅರ್ಥ ಬದಲಿಸಿಕೊಂಡು, ಸೀಸೆಯಲ್ಲಿ ತುಂಬಿ ನಮ್ಮ ಬಚ್ಚಲಿಗೇ ಮರಳಿ ಬಂದಿದೆ! ಮೊದಮೊದಲು ಊರಿನ ವೈದ್ಯರು ನಕ್ಕರು. ಗುಣಹೊಂದಿದವರು ಬಿಟ್ಟುಹೋದ ಊರುಗೋಲುಗಳನ್ನು ದೀನ್ ಮಹಮದ್ ಸ್ನಾನಗೃಹದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ. ಕೊನೆಗೆ ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ಇಬ್ಬರಿಗೂ ಅಂಗಮರ್ದನ ವೈದ್ಯನೆಂಬ ಬಿರುದು ಅವನಿಗೆ ದೊರೆಯಿತು. ಅವನು ತೀರಿಕೊಂಡದ್ದು 1851ರಲ್ಲಿ. ಸೇಂಟ್ ನಿಕೊಲಸ್ ಅಂಗಳದಲ್ಲಿ ನೀವು ಹುಡುಕಬೇಕಾದ ಎರಡನೆಯ ಕಲ್ಲು ಅವನದು. ಅವನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ ಲಂಡನ್ನಿನಲ್ಲಿ ವೈದ್ಯನಾಗಿ, ರಕ್ತದ ಒತ್ತಡದ ವಿಷಯವಾಗಿ ಮಹತ್ತ್ವದ ಸಂಶೋಧನೆ ನಡೆಸಿದ. ಒತ್ತಡವೆಂಬುದು ಮನೆತನಕ್ಕೇ ಅಂಟಿದ ಕಸುಬು ಎನ್ನಬಹುದೇನೋ.

1841ರಲ್ಲಿ ರೈಲು ಬಂತು. ದೊರೆಗಳ ಕಡಲು ಗುಮಾಸ್ತರದೂ ಕೂಲಿಯವರದೂ ಆಯಿತು. ರಾಣಿ ವಿಕ್ಟೋರಿಯಾಗೆ ಈ ಗದ್ದಲ ಸೇರಲಿಲ್ಲ. 1850ರಲ್ಲಿ ಪೆವಿಲಿಯನ್ನನ್ನು ಊರಿನವರೇ 53,000 ಪೌಂಡಿಗೆ ಕೊಂಡರು. ಈ ಮಾರಾಟವನ್ನೂ ಮರೆಯಬೇಡಿ.

ಈಗ ತಿರುಗಾಟದ ಮಾತು. ಕಬ್ಬಿಣದ ಕಾಲುಗಳ ಮೇಲೆ ಕಡಲೊಳಕ್ಕೆ ಚಾಚಿದ ಮರದ ಹಾಸಿಗೆ ಪಿಯರ್ ಎನ್ನುತ್ತಾರೆ. 1899ರಲ್ಲಿ ತೆರೆದ ಪ್ಯಾಲೆಸ್ ಪಿಯರ್ ಅರ್ಧ ಕಿಲೋಮೀಟರಿಗೂ ಉದ್ದ. ಹಲಗೆಗಳ ಸಂದಿಯಲ್ಲಿ ಕೆಳಗಿನ ನೀರು ಕಾಣುತ್ತ ನಡೆಯುವುದು ಮಕ್ಕಳಿಗೆ ಒಂದು ರೋಮಾಂಚನ. 1866ರ ವೆಸ್ಟ್ ಪಿಯರ್ 1975ರಲ್ಲಿ ಮುಚ್ಚಿ, 2003ರಲ್ಲಿ ಬೆಂಕಿಗೆ ತುತ್ತಾಯಿತು; ಉಳಿದಿರುವುದು ನೀರಿನ ನಡುವಿನ ಕಬ್ಬಿಣದ ಅಸ್ಥಿಪಂಜರ. ದಂಡೆಗುಂಟ ಓಡುವ ಪುಟ್ಟ ವಿದ್ಯುತ್ ರೈಲನ್ನು ಮ್ಯಾಗ್ನಸ್ ವೋಕ್ 1883ರಲ್ಲಿ ಆರಂಭಿಸಿದ. ತಿನ್ನಲು, ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಜೊತೆಗೆ ಆಲೂಗಡ್ಡೆಯ ಹೋಳು. ಕಾಗದದ ಪೊಟ್ಟಣದಲ್ಲಿ ಹಿಡಿದು, ಉಪ್ಪು ಹುಳಿ ಚಿಮುಕಿಸಿ, ಗಾಳಿಯಲ್ಲೇ ತಿನ್ನಬೇಕು. ಕಡಲಹಕ್ಕಿಗಳು ಕೈಯಿಂದಲೇ ಕಿತ್ತೊಯ್ಯುತ್ತವೆ, ಎಚ್ಚರ. ನಮ್ಮ ಕರಾವಳಿಯ ಮರುವಾಯಿಯನ್ನು ಹೋಲುವ ಚಿಪ್ಪಿನ ಜೀವಿಗಳೂ ಸಿಗುತ್ತವೆ. ಸಸ್ಯಾಹಾರಿಗಳಿಗೂ ಈ ಊರಿನಲ್ಲಿ ಉಪವಾಸದ ಭಯವಿಲ್ಲ. ಮನೆಯ ಮಕ್ಕಳಿಗೆ ರಾಕ್ ಎಂಬ ಪುದೀನದ ಸಕ್ಕರೆ ಕಡ್ಡಿ ತನ್ನಿ. ಎಲ್ಲಿ ಮುರಿದರೂ ಒಳಗೆ ಊರಿನ ಹೆಸರಿನ ಅಕ್ಷರಗಳು ಕಾಣುತ್ತವೆ.

ಇಷ್ಟಕ್ಕೆ ಮರಳಿ ರೈಲು ಹತ್ತುವವರೇ ಹೆಚ್ಚು. ನೀವು ಇನ್ನೊಮ್ಮೆ ಪೆವಿಲಿಯನ್ನಿಗೆ ಬನ್ನಿ.

1914ರ ಡಿಸೆಂಬರಿನಲ್ಲಿ, ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳನ್ನು ಇಲ್ಲಿಗೆ ತಂದರು. ಭೋಜನಶಾಲೆಯ ದೀಪಗುಚ್ಛದ ಕೆಳಗೆ ಹಾಸಿಗೆಗಳ ಸಾಲು. ಕುದುರೆ ಲಾಯದ ಗುಮ್ಮಟದ ಕೆಳಗೂ ಹಾಸಿಗೆಗಳ ಸಾಲು. ಕಾರೆಮ್‌ನ ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಜಾತಿಮತಗಳ ನಿಯಮಕ್ಕೆ ತಕ್ಕಂತೆ ಒಂಬತ್ತು ಬೇರೆ ಬೇರೆ ಅಡುಗೆಮನೆಗಳನ್ನು ಹೂಡಿದರು. ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನಲ್ಲಿ, ಸಿಖ್ಖರ ಪ್ರಾರ್ಥನೆಗೆ ಡೇರೆ. ಆರೈಕೆ ಒಳ್ಳೆಯದೇ ಇತ್ತು, ಅದನ್ನು ಇಲ್ಲವೆನ್ನಬಾರದು. ಆದರೆ ಅರಸನು ತಾನು ವಾಸಿಸುವ ಅರಮನೆಯನ್ನೇ ತನ್ನ ಸಿಪಾಯಿಗಳಿಗಾಗಿ ತೆರವುಮಾಡಿಕೊಟ್ಟನೆಂಬ ಭಾವನೆಯನ್ನು ಸರ್ಕಾರ ಬೆಳೆಯಗೊಟ್ಟಿತು, ಚಿತ್ರಗಳ ಮೂಲಕ ಹಿಂದೂಸ್ಥಾನದಲ್ಲಿ ಹಬ್ಬಿಸಿತು. ಅರಮನೆ ಅರಸನ ಕೈಬಿಟ್ಟು ಆಗಲೇ 64 ವರ್ಷವಾಗಿತ್ತು! ಊರಿನ ಬೇರೊಂದು ಆಸ್ಪತ್ರೆಯಲ್ಲಿ ಸಿಪಾಯಿಗಳು ಹೊರಗೆ ಹೋಗದಂತೆ ಕಾವಲೂ ಮುಳ್ಳುತಂತಿಯೂ ಇದ್ದುವು. ಮನೆಗೆ ಬರೆದ ಕಾಗದಗಳನ್ನು ಅಧಿಕಾರಿಗಳು ಒಡೆದು ಓದುತ್ತಿದ್ದರು. ಗುಣವಾದವರನ್ನು ಮತ್ತೆ ಯುದ್ಧಭೂಮಿಗೆ ಅಟ್ಟುತ್ತಿದ್ದರು. ಸಿಪಾಯಿಗಳ ಎದೆಯನ್ನು ಕೊರೆದದ್ದು ಇದೇ. 1915ರ ಆಗಸ್ಟಿನಲ್ಲಿ ಐದನೆಯ ಜಾರ್ಜ್ ಪೆವಿಲಿಯನ್ನಿನ ತೋಟದಲ್ಲಿ ಮೀರ್ ದಸ್ತ್ ಎಂಬ ಪಠಾಣ ಅಧಿಕಾರಿಗೆ ವಿಕ್ಟೋರಿಯಾ ಕ್ರಾಸ್ ತೊಡಿಸಿದ. ಒಮ್ಮೆ ಗಾಯಗೊಂಡವನನ್ನು ಮತ್ತೆ ಕಂದಕಕ್ಕೆ ಕಳಿಸಬೇಡಿರೆಂದು ಮೀರ್ ದಸ್ತ್ ಆಗ ಅರಸನಲ್ಲಿ ಬೇಡಿಕೊಂಡನೆಂದು ಅಲ್ಲಿಯ ಸಿಪಾಯಿಯೊಬ್ಬನ ಕಾಗದದಲ್ಲಿದೆ.

ಬದುಕದೆ ಹೋದ ಹಿಂದೂಗಳನ್ನೂ ಸಿಖ್ಖರನ್ನೂ ಊರಾಚೆ ಪ್ಯಾಚಮ್ ಬಳಿಯ ಗುಡ್ಡದ ಮೇಲೆ ದಹನಮಾಡಿ, ಬೂದಿಯನ್ನು ಕಡಲಿಗೆ ಬಿಟ್ಟರು. ಆ ಜಾಗದಲ್ಲಿ ಬಿಳಿಯ ಅಮೃತಶಿಲೆಯ ಛತ್ರಿಯೊಂದನ್ನು ಕಟ್ಟಿ 1921ರ ಫೆಬ್ರವರಿ 1ರಂದು ಅನಾವರಣ ಮಾಡಿದರು. ಅದರ ನಕ್ಷೆ ಮುಂಬಯಿಯ ವಾಸ್ತುಶಿಲ್ಪಿ ಹೆನ್ರಿಕ್ಸ್‌ರದು. ನ್ಯಾಶ್‌ನ ಗುಮ್ಮಟಗಳನ್ನು ನೋಡಿ ಬಂದ ಕಣ್ಣಿಗೆ ಇದು ಬಹಳ ಸಣ್ಣದು, ಬಹಳ ಸರಳವಾದದ್ದು.

ಅಲ್ಲಿಗೆ ವಾಹನ ಹೋಗುವುದಿಲ್ಲ. ಹುಲ್ಲುಗಾವಲಿನ ಕಾಲುದಾರಿಯಲ್ಲಿ ನಡೆಯಬೇಕು, ಗಾಳಿ ಜೋರು, ಕೋಟು ಜೊತೆಗಿರಲಿ. ಅಲ್ಲಿ ದಹನವಾದವರು 53 ಮಂದಿ. ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿ ಪಕ್ಕದಲ್ಲಿ ನಿಲ್ಲಿಸಿದ್ದು 2010ರಲ್ಲಿ. ಮೆಟ್ಟಿಲ ಮೇಲೆ ಕುಳಿತರೆ ಕೆಳಗೆ ಊರೂ ಅದರಾಚೆ ಕಡಲೂ ಕಾಣುತ್ತವೆ. ಕಲ್ಲುಗಳ ಸದ್ದು ಅಷ್ಟು ದೂರಕ್ಕೆ ಕೇಳಿಸುವುದಿಲ್ಲ.