ನೆಗಡಿಯ ಮನೆಯಾರೈಕೆ

ನೆಗಡಿ ಎಂಬುದು ಮೂಗು, ಗಂಟಲುಗಳ ವೈರಸ್ ಸೋಂಕು. ಹೆಚ್ಚಿನ ಸಲ ಕಾರಣ ರೈನೋವೈರಸ್. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಕೆಮ್ಮು ಮಾತ್ರ ಇನ್ನಷ್ಟು ದಿನ ಉಳಿದೀತು. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವುದು ದುಡ್ಡು ದಂಡ.

ಕರ್ನಾಟಕದ ಮನೆಗಳಲ್ಲಿ ಕಾಳುಮೆಣಸು, ಜೀರಿಗೆ ಕುಟ್ಟಿ ಹಾಕಿದ ಸಾರು, ಶುಂಠಿ ಕಷಾಯ, ಬಾಡಿಸಿ ಹಿಂಡಿದ ದೊಡ್ಡಪತ್ರೆ ರಸ ರೂಢಿಯಲ್ಲಿವೆ. ಬಿಸಿ ಸಾರು ಗಂಟಲಿಗೆ ಹಿತ, ಮೆಣಸಿನ ಖಾರಕ್ಕೆ ಕಟ್ಟಿದ ಮೂಗು ಸುರಿಯತೊಡಗುತ್ತದೆ. ಆದರೆ ಇವು ನೆಗಡಿಯ ಅವಧಿಯನ್ನೇ ಮೊಟಕುಗೊಳಿಸುತ್ತವೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಮಕ್ಕಳ ರಾತ್ರಿ ಕೆಮ್ಮನ್ನು ತಗ್ಗಿಸಬಲ್ಲದು. 1 ವರ್ಷದೊಳಗಿನ ಕೂಸಿಗೆ ಮಾತ್ರ ಬೊಟುಲಿಸಂ ಎಂಬ ವಿಷಬಾಧೆಯ ಅಪಾಯವಿರುವುದರಿಂದ ಜೇನು ನೆಕ್ಕಿಸಲೇಬಾರದು, ಅಜ್ಜಿ ಎಷ್ಟೇ ಒತ್ತಾಯಿಸಿದರೂ. ಹಬೆ ಹಿಡಿಯುವಾಗ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವುದುಂಟು. ಅವರಿಗೆ ಮೂಗಿನ ಸಲೈನ್ ಹನಿಯೇ ಲೇಸು. ದೊಡ್ಡವರು ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಬಹುದು. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್. ಆಕ್ಸಿಮೆಟಾಜೋಲಿನ್‌ನಂಥ ಮೂಗಿನ ಹನಿಯನ್ನು ಕೆಲವೇ ದಿನ ಬಳಸಬೇಕು, ಮುಂದುವರಿಸಿದರೆ ಮೂಗು ಮತ್ತಷ್ಟು ಕಟ್ಟುತ್ತದೆ. ಉಸಿರಾಟ ಕಷ್ಟವಾದರೆ, ಅಥವಾ 3 ದಿನ ಕಳೆದರೂ ಜ್ವರ ಬಿಡದಿದ್ದರೆ, ಕಷಾಯವನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣಬೇಕು.